ಸೇರುವಾಗೊಂದು ಟೆಸ್ಟು, ಹೊರಡುವಾಗೊಂದು ಟೆಸ್ಟು: ಡಿಗ್ರಿ ಕಾಲೇಜಿನ ಕಲಿಕೆಯನ್ನು ಹೀಗೆ ಅಳೆಯಬಹುದಾ?

ಫಿಸಿಕ್ಸ್ ಮೇಡಂ, ಹಾಸನ

ಎಲ್ಲರಿಗೂ ನಮಸ್ಕಾರ. ನಮ್ಮದು ಹಾಸನ ಜಿಲ್ಲೆಯ ಒಂದು ಪದವಿ ಕಾಲೇಜು, ಹೆಸರು ಬೇಡ. ಮೊನ್ನೆ ಐಕ್ಯೂಎಸಿ (ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಒಳಗಿನ ಸಮಿತಿ) ಮೀಟಿಂಗಿನಲ್ಲಿ ಹೊಸದೊಂದು ಪ್ರಸ್ತಾಪ ಬಂತು. ಮೊದಲ ಸೆಮಿಸ್ಟರಿಗೆ ಸೇರಿದ ಕೂಡಲೇ ಎಲ್ಲ ಮಕ್ಕಳಿಗೂ ಒಂದೇ ಪರೀಕ್ಷೆ. ಆರನೇ ಸೆಮಿಸ್ಟರ್ ಮುಗಿಯುವಾಗ ಅದೇ ಮಟ್ಟದ ಇನ್ನೊಂದು. ಎರಡರ ನಡುವಿನ ವ್ಯತ್ಯಾಸವೇ "ಕಾಲೇಜು ಕಲಿಸಿದ್ದು" ಅಂತ ನ್ಯಾಕ್ (ಕಾಲೇಜುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಸಂಸ್ಥೆ) ವರದಿಯಲ್ಲಿ ತೋರಿಸೋದು. ಒಂದು ಕಂಪನಿಯವರು ಪ್ಯಾಕೇಜ್ ಹಿಡಿದುಕೊಂಡೇ ಬಂದಿದ್ದರು: 60 ಎಂಸಿಕ್ಯೂ, ಮೊಬೈಲಿನಲ್ಲೇ ಬರೆಯಬಹುದು, ಬಿಎ, ಬಿಕಾಂ, ಬಿಎಸ್ಸಿ ಎಲ್ಲರಿಗೂ ಒಂದೇ ಪೇಪರ್, ಪೂರ್ತಿ ಇಂಗ್ಲಿಷ್. ಬಣ್ಣದ ಗ್ರಾಫ್ ಇರುವ ರಿಪೋರ್ಟ್ ಅವರೇ ಕೊಡ್ತಾರಂತೆ.

ಬೇಡ ಅಂತ ಎದ್ದು ನಿಂತು ಹೇಳೋಕೂ ನನಗೆ ಮನಸ್ಸಾಗಲಿಲ್ಲ. ಈಗಿರುವ ಮಾರ್ಕ್ಸ್ ಕಾರ್ಡಾದರೂ ಏನು ಹೇಳ್ತಿದೆ? ಇಂಟರ್ನಲ್ಸ್‌ನಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ಕೈತುಂಬಾ ಹಾಕ್ತೀವಿ, ಹಾಕದಿದ್ದರೆ ಪಕ್ಕದ ಕಾಲೇಜಿನವರ ಮುಂದೆ ನಮ್ಮ ಮಕ್ಕಳು ಹಿಂದೆ ಬೀಳ್ತಾರೆ. ಥಿಯರಿ ಪೇಪರ್ ಸೆಟ್ ಮಾಡುವವರು ಪ್ರತಿವರ್ಷ ಬೇರೆ, ವ್ಯಾಲ್ಯುಯೇಷನ್ ಮಾಡುವವರು ಬೇರೆ. ಮಧ್ಯೆ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂತು, ಹೋಯ್ತು. 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿ, ಹೊಸ ಸಿಲಬಸ್. ಹೋದ ಬ್ಯಾಚಿನ 68ನ್ನೂ ಈ ಬ್ಯಾಚಿನ 74ನ್ನೂ ಪಕ್ಕಪಕ್ಕ ಇಟ್ಟು ನಾನು ಚೆನ್ನಾಗಿ ಪಾಠ ಮಾಡಿದೆ ಅಂದುಕೊಳ್ಳೋಕೆ ಯಾವ ಆಧಾರವೂ ಇಲ್ಲ. ಎರಡೂ ಬ್ಯಾಚಿಗೆ ಒಂದೇ ಅಳತೆ ಇದ್ದಿದ್ದರೆ ನನಗೇ ಗೊತ್ತಾಗ್ತಿತ್ತು.

ಮುಂದಿನ ಮೀಟಿಂಗಿಗೆ ಅಭಿಪ್ರಾಯ ಬರೆದು ಕೊಡಬೇಕು. ಅನುಭವ ಇದ್ದವರು ಹೇಳಿ.

ಎಕ್ಸೆಲ್ ಸಂನ್ಯಾಸಿ

ಮೇಡಂ, ಎಂಜಿನಿಯರಿಂಗ್ ಕಡೆಗೆ ಬನ್ನಿ, ಅಳತೆ ಅಂದ್ರೆ ಏನು ಅಂತ ತೋರಿಸ್ತೀವಿ. 2014ರಲ್ಲಿ ಭಾರತ ವಾಷಿಂಗ್ಟನ್ ಅಕಾರ್ಡಿಗೆ (ಒಂದು ದೇಶದ ಎಂಜಿನಿಯರಿಂಗ್ ಪದವಿಯನ್ನು ಇನ್ನೊಂದು ದೇಶ ಒಪ್ಪೋ ಒಪ್ಪಂದ) ಪೂರ್ಣ ಸದಸ್ಯ ಆಯ್ತಲ್ಲ, ನಮ್ಮ ಕೋರ್ಸುಗಳಿಗೆ ಎನ್‌ಬಿಎ ಕೊಡೋ ಮಾನ್ಯತೆ ಪೂರಾ ಸಿಒ-ಪಿಒ ಮೇಲೇ ನಿಂತಿದೆ. ಸಿಒ ಅಂದ್ರೆ ಒಂದು ವಿಷಯ ಓದಿದ್ಮೇಲೆ ಏನು ಬರಬೇಕು ಅನ್ನೋದು, ಪಿಒ ಅಂದ್ರೆ ಇಡೀ ಕೋರ್ಸ್ ಮುಗಿದ್ಮೇಲೆ ಏನು ಬರಬೇಕು ಅನ್ನೋದು. ಪ್ರತಿ ಪ್ರಶ್ನೆಯ ಮುಂದೆ ಸಿಒ2, ಬ್ಲೂಮ್ಸ್ ಎಲ್3 (ಯೋಚನೆಯ ಮಟ್ಟ) ಅಂತ ಬರೀತೀವಿ. ಇಷ್ಟು ಪರ್ಸೆಂಟ್ ಮಕ್ಕಳು ಇಷ್ಟು ಮಾರ್ಕ್ಸ್ ದಾಟಿದ್ರೆ ಅಟೈನ್‌ಮೆಂಟ್, ಅಂದ್ರೆ ಗುರಿ ಮುಟ್ಟಿದ್ದು, ಲೆವೆಲ್ 3. ಟಾರ್ಗೆಟ್ ಇಡೋರು ನಾವು, ಇಂಟರ್ನಲ್ ಪೇಪರ್ ಸೆಟ್ ಮಾಡೋರು ನಾವು, ತಿದ್ದೋರೂ ನಾವು. ಮುಟ್ಟಲಿಲ್ವಾ? "ಆಕ್ಷನ್ ಟೇಕನ್" ಕಾಲಂನಲ್ಲಿ "ಎಕ್ಸ್‌ಟ್ರಾ ಕ್ಲಾಸ್ ತೆಗೆದುಕೊಳ್ಳಲಾಗಿದೆ". ಶೀಟ್ ಬಹಳ ಚೆನ್ನಾಗಿ ಕಾಣುತ್ತೆ.

ಅದಕ್ಕೇ ನಾನು ಹೊರಗಿನ ಟೆಸ್ಟ್ ಪರ. 2021ರಲ್ಲಿ ನೇಚರ್ ಹ್ಯೂಮನ್ ಬಿಹೇವಿಯರ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಚೀನಾ, ಭಾರತ, ರಷ್ಯಾ, ಅಮೆರಿಕದ ಕಂಪ್ಯೂಟರ್ ಸೈನ್ಸ್ ಮತ್ತು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮಕ್ಕಳು, ಹತ್ತಾರು ಸಾವಿರ ಜನ, ಎಲ್ಲರಿಗೂ ಒಂದೇ ಮಾನದಂಡದ ಟೆಸ್ಟು. ನಮ್ಮ ಮಕ್ಕಳು ಮೊದಲ ಎರಡು ವರ್ಷದಲ್ಲಿ ಗಣಿತ, ಫಿಸಿಕ್ಸ್ ಥರದ ವಿಷಯಗಳಲ್ಲಿ ಮುಂದೆ ಹೋದ್ರು. ಆದ್ರೆ ವಿಮರ್ಶಾತ್ಮಕವಾಗಿ ಯೋಚಿಸೋ ಶಕ್ತಿ? ನಾಲ್ಕು ವರ್ಷ ಆದ್ರೂ ಹೆಚ್ಚಲಿಲ್ಲ. ಚೀನಾ, ರಷ್ಯಾದಲ್ಲೂ ಹೆಚ್ಚಲಿಲ್ಲ, ಅಮೆರಿಕದಲ್ಲಿ ಹೆಚ್ಚಿತು. ಇದು ನಮ್ಮ ಅಟೈನ್‌ಮೆಂಟ್ ಶೀಟಿನಲ್ಲಿ ಯಾವತ್ತಾದ್ರೂ ಕಾಣ್ತಿತ್ತಾ? ನಮ್ಮಲ್ಲಿ ಎಲ್ಲ ಪಿಒನೂ ಹಸಿರು.

ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಚಿಕ್ಕಮಗಳೂರು

ನನ್ನದು ನೇರ ವಿರೋಧ. ಅರವತ್ತು ಪ್ರಶ್ನೆಗಳಿಗೆ ಗುಂಡಿ ಒತ್ತಿಸಿ ಮೂರು ವರ್ಷದ ವಿದ್ಯಾಭ್ಯಾಸವನ್ನು ತೂಗುತ್ತೇವೆ ಎನ್ನುವವರಿಗೆ ವಿದ್ಯಾಭ್ಯಾಸವೂ ಗೊತ್ತಿಲ್ಲ, ತೂಕವೂ ಗೊತ್ತಿಲ್ಲ. ಕಡೂರು ಕಡೆಯ ಬಯಲಿನಿಂದ ಬಂದ ಹುಡುಗಿ ಮೊದಲ ವರ್ಷ ತರಗತಿಯಲ್ಲಿ ಬಾಯಿಯನ್ನೇ ಬಿಡುವುದಿಲ್ಲ. ಮೂರನೇ ವರ್ಷ ಎದ್ದು ನಿಂತು "ಸರ್, ನೀವು ಹೇಳಿದ್ದು ನನಗೆ ಒಪ್ಪಿಗೆಯಿಲ್ಲ" ಎನ್ನುತ್ತಾಳೆ. ಅದು ಯಾವ ಆಪ್ಷನ್ನು? ಎ, ಬಿ, ಸಿ, ಡಿಯಲ್ಲಿ ಎಲ್ಲಿದೆ?

ಬಿಎ ಕನ್ನಡದವರಿಗೂ ಬಿಕಾಂನವರಿಗೂ ಒಂದೇ ಪೇಪರ್ ಎಂದರೆ ಉಳಿಯುವುದು ರೀಸನಿಂಗು, ಪರ್ಸೆಂಟೇಜು, ಇಂಗ್ಲಿಷ್ ವ್ಯಾಕರಣ. ಅವನ್ನು ಕಾಲೇಜು ಕಲಿಸಿರುವುದಿಲ್ಲ. ಮಗು ಯಾವ ಶಾಲೆಯಿಂದ ಬಂತು ಎನ್ನುವುದು ಅದರಿಂದ ಗೊತ್ತಾದೀತು. ಕಾಲೇಜು ಏನು ಮಾಡಿತು ಎನ್ನುವುದು ಗೊತ್ತಾಗುವುದಿಲ್ಲ.

ಫೈನಲ್ ಇಯರ್ ಬಿಎಸ್ಸಿ

ಸತ್ಯ ಹೇಳ್ತೀನಿ, ಬೈಬೇಡಿ. ಆರನೇ ಸೆಮ್ ಕೊನೇಲಿ ಪ್ರಾಜೆಕ್ಟ್ ಇರುತ್ತೆ, ಪ್ರಾಕ್ಟಿಕಲ್ ರೆಕಾರ್ಡ್ ಇರುತ್ತೆ, ಪಿಜಿ ಎಂಟ್ರೆನ್ಸ್ ಇರುತ್ತೆ. ಮಾರ್ಕ್ಸಿಗೆ ಸೇರದ ಟೆಸ್ಟ್ ಕೊಟ್ರೆ ನಮ್ಮ ಕ್ಲಾಸಲ್ಲಿ ಮುಕ್ಕಾಲು ಜನ ಎಲ್ಲದಕ್ಕೂ ಸಿ ಒತ್ತಿ ಸಬ್ಮಿಟ್ ಮಾಡಿ ಆಲೂರು ಬಸ್ ಹಿಡೀತಾರೆ. ಸಬ್ಮಿಟ್ ಆದ್ಮೇಲೆ ಅಟೆಂಡೆನ್ಸ್ ಕೊಟ್ರೆ ಇನ್ನೂ ಬೇಗ. ಮೊದಲನೇ ಸೆಮ್‌ನವರು ಹೆದರಿಕೊಂಡು ಸರಿಯಾಗಿ ಬರೀತಾರೆ. ಆಮೇಲೆ ರಿಪೋರ್ಟಲ್ಲಿ ಮೂರು ವರ್ಷ ಓದಿ ದಡ್ಡರಾದ್ರು ಅಂತ ಬರುತ್ತೆ ನೋಡಿ 😀

ಸಂಖ್ಯಾಶಾಸ್ತ್ರ, ಬೇಲೂರು

ಮೇಲಿನ ತಮ್ಮ ತಮಾಷೆಗೆ ಹೇಳಿದಂತಿದೆ, ಆದರೆ ಈ ವಿಷಯದ ದೊಡ್ಡ ತಲೆನೋವು ಅದೇ. ಅಮೆರಿಕದ ಇಟಿಎಸ್ ಎಂಬ ಪರೀಕ್ಷಾ ಸಂಸ್ಥೆಯ ಸಂಶೋಧಕರು 2012ರಲ್ಲಿ ಇದನ್ನೇ ಪರೀಕ್ಷಿಸಿದರು. ಒಂದು ಗುಂಪಿಗೆ "ಇದು ಬರೀ ಸಂಶೋಧನೆಗೆ" ಅಂದರು. ಇನ್ನೊಂದಕ್ಕೆ "ನಿಮ್ಮ ಅಂಕ ನಿಮ್ಮ ಕಾಲೇಜಿನ ಕೈಗೆ ಹೋಗಬಹುದು" ಅಂದರು. ಪ್ರಶ್ನೆಗಳು ಒಂದೇ, ಆದರೂ ಎರಡನೇ ಗುಂಪು ಗಮನಕ್ಕೆ ಬರುವಷ್ಟು ಮೇಲೆ ಬಂತು. ಅಂದರೆ ಮೂರು ವರ್ಷದ "ಕಲಿಕೆ" ಎಂದು ವರದಿಯಲ್ಲಿ ಕಾಣುವುದರಲ್ಲಿ ಒಂದು ಪಾಲು, ಪರೀಕ್ಷೆಯ ದಿನ ಮೇಲ್ವಿಚಾರಕರು ಹೇಳಿದ ಒಂದು ವಾಕ್ಯದ್ದು.

ಮೇಡಂಗೆ ಲೆಕ್ಕದ ಎರಡು ಮಾತು. ಒಂದು, ಬಿಟ್ಟು ಹೋದವರು. ಮೊದಲ ಸೆಮ್‌ನಲ್ಲಿ ಬರೆದ ನೂರು ಜನರಲ್ಲಿ ಆರನೇ ಸೆಮ್‌ಗೆ ಎಪ್ಪತ್ತು ಜನ ಉಳಿದರು ಎನ್ನಿ. ಬಿಟ್ಟವರು ಸಾಮಾನ್ಯವಾಗಿ ಕಡಿಮೆ ಅಂಕದವರು. ಯಾರೂ ಏನೂ ಕಲಿಯದಿದ್ದರೂ ಸರಾಸರಿ ಮೇಲೇರುತ್ತೆ. ಆದ್ದರಿಂದ ಎರಡೂ ಸಲ ಬರೆದವರನ್ನು ಮಾತ್ರ ಜೋಡಿಸಿ ಲೆಕ್ಕ ಹಾಕಬೇಕು, ಬಿಟ್ಟವರ ಸಂಖ್ಯೆಯನ್ನು ಪಕ್ಕದಲ್ಲೇ ಬರೆಯಬೇಕು. ಎರಡು, ತರಗತಿಯ ಗಾತ್ರ. 25 ಮಕ್ಕಳ ತರಗತಿ, ಅಂಕಗಳ ಸ್ಟ್ಯಾಂಡರ್ಡ್ ಡೀವಿಯೇಷನ್ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎನ್ನುವುದು) 15 ಎಂದಿಟ್ಟುಕೊಳ್ಳಿ. ಸರಾಸರಿಯ ಸ್ಟ್ಯಾಂಡರ್ಡ್ ಎರರ್ (ಸರಾಸರಿ ಆಕಸ್ಮಿಕವಾಗಿ ಎಷ್ಟು ಆಚೀಚೆ ಆಗಬಹುದು ಎನ್ನುವ ಅಂದಾಜು) 15 ಭಾಗಿಸು 25ರ ವರ್ಗಮೂಲ 5, ಅಂದರೆ 3. ಎರಡು ಬ್ಯಾಚುಗಳ ಸರಾಸರಿಯನ್ನು ಹೋಲಿಸುವಾಗ ಅದು 4.2 ಆಗುತ್ತೆ. ಹೋದ ವರ್ಷಕ್ಕಿಂತ ಈ ವರ್ಷ 8 ಅಂಕ ಜಾಸ್ತಿ ಬಂದರೂ ಅದು ಈ 4.2ರ ಎರಡು ಪಟ್ಟಿನೊಳಗೇ ಇದೆ, ಬರೀ ಆಕಸ್ಮಿಕ ಇರಬಹುದು. ಆ ಬಣ್ಣದ ಗ್ರಾಫಿನಲ್ಲಿ ಇದನ್ನು ಯಾರೂ ತೋರಿಸುವುದಿಲ್ಲ. 3 ಅಂಕ ಏರಿದರೆ ಹಸಿರು ಬಾಣ, ಇಳಿದರೆ ಕೆಂಪು ಬಾಣ, ಅಷ್ಟೇ.

ಎಸ್ಟೇಟ್ ಅಪ್ಪ, ಮೂಡಿಗೆರೆ

ನಾನು ಓದಿದ್ದು ಪಿಯುಸಿ. ಮಗ ಡಿಗ್ರಿ ಓದ್ತಿದ್ದಾನೆ. ನೀವೆಲ್ಲ ದೊಡ್ಡ ದೊಡ್ಡ ಮಾತು ಆಡ್ತಿದೀರಿ. ಕಾಫಿ ಕ್ಯೂರಿಂಗಿಗೆ ಕಳಿಸಿದ್ರೆ ಔಟ್‌ಟರ್ನ್ (ಹಾಕಿದ ಕಾಫಿಗೆ ಸಿಕ್ಕ ಶುದ್ಧ ಬೀಜ) ಎಷ್ಟು ಬಂತು ಅಂತ ಚೀಟಿ ಕೊಡ್ತಾರೆ. ಕಮ್ಮಿ ಬಂದ್ರೆ ಯಾಕೆ ಅಂತ ಕೇಳ್ತೀವಿ. ಕಾಲೇಜಿಗೆ ಹುಡುಗನ್ನ ಕಳಿಸಿದ್ರೆ ಮೂರು ವರ್ಷ ಆದ್ಮೇಲೆ ಅಂಥಾ ಚೀಟಿ ಯಾಕಿಲ್ಲ? ಯಾವ ಕಾಲೇಜಲ್ಲಿ ಎಷ್ಟು ಕಲಿಸ್ತಾರೆ ಅಂತ ಪೇಪರಲ್ಲಿ ಹಾಕಿ. ನಾವು ನೋಡಿ ಸೇರಿಸ್ತೀವಿ.

ಸಂಖ್ಯಾಶಾಸ್ತ್ರ, ಬೇಲೂರು

ಅಣ್ಣ, ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಆದರೆ ನಿಮ್ಮ ಲಾಟಿಗೆ ತೇವ ನೋಡ್ತಾರೆ, ಅರೇಬಿಕಾನೋ ರೋಬಸ್ಟಾನೋ ಬರ್ಕೋತಾರೆ, ತೊಳೆದು ಒಣಗಿಸಿದ ಪಾರ್ಚ್‌ಮೆಂಟೋ ಹಣ್ಣನ್ನೇ ಒಣಗಿಸಿದ ಚೆರ್ರಿಯೋ ಅಂತ ಬೇರೆ ಇಡ್ತಾರೆ, ಆಮೇಲಷ್ಟೇ ಔಟ್‌ಟರ್ನ್ ಹೋಲಿಸ್ತಾರೆ. ಕಾಲೇಜು ಪಟ್ಟಿ ಹಾಕುವವರು ಅದನ್ನೆಲ್ಲ ಬಿಟ್ಟು ಕೊನೆಯ ಅಂಕ ಮಾತ್ರ ಹಾಕ್ತಾರೆ. ಶೇ 90 ತೆಗೆದವರನ್ನೇ ಆರಿಸಿಕೊಳ್ಳುವ ಕಾಲೇಜು ಏನೂ ಕಲಿಸದಿದ್ದರೂ ಮೇಲೆ ಇರುತ್ತೆ. ಶೇ 45ರವರನ್ನು ಸೇರಿಸಿಕೊಂಡು ಅವರನ್ನು ಎಷ್ಟೋ ಮುಂದೆ ತಂದ ಸರ್ಕಾರಿ ಕಾಲೇಜು ಪಟ್ಟಿಯ ತಳದಲ್ಲಿ ಇರುತ್ತೆ. ಪೇಪರಿನಲ್ಲಿ ಆ ಪಟ್ಟಿ ನೋಡಿ ನೀವು ಮಗನನ್ನು ಎಲ್ಲಿಗೆ ಸೇರಿಸ್ತೀರಿ ಹೇಳಿ.

ಎಸ್ಟೇಟ್ ಅಪ್ಪ, ಮೂಡಿಗೆರೆ

ಹಾಗಾದ್ರೆ ಎರಡೂ ಅಂಕ ಹಾಕಿ. ಬಂದಾಗ ಎಷ್ಟು, ಹೋಗುವಾಗ ಎಷ್ಟು. ಓದೋಕೆ ನಮಗೂ ಬರುತ್ತೆ.

ಹೈಸ್ಕೂಲ್ ಮೇಷ್ಟ್ರು, ಅರಕಲಗೂಡು

ಪೇಪರಲ್ಲಿ ಹಾಕೋ ಮಾತು ಬಂತಲ್ಲ, ಅದರ ರುಚಿ ನಮಗೆ ಗೊತ್ತು. 2019ರ ಎಸ್ಸೆಸ್ಸೆಲ್ಸಿಯಲ್ಲಿ ಹಾಸನ ಜಿಲ್ಲೆ ಶೇ 89.33 ತೆಗೆದು ರಾಜ್ಯಕ್ಕೇ ಮೊದಲು ಬಂತು. ಎಷ್ಟು ಹೂವಿನ ಹಾರ, ಎಷ್ಟು ಫ್ಲೆಕ್ಸು! ಕಷ್ಟಪಟ್ಟ ಮೇಷ್ಟ್ರುಗಳು ನಿಜವಾಗಿ ಕಷ್ಟಪಟ್ಟಿದ್ದರು, ಅದನ್ನು ಅಲ್ಲಗಳೆಯಲ್ಲ. ಅವತ್ತಿಂದ ಪ್ರತಿ ಜಿಲ್ಲೆಗೂ ಒಂದೇ ಗೀಳು: ನಾವು ಎಷ್ಟನೇ ಸ್ಥಾನ? ಡಿಸೆಂಬರಿಗೆ ಪಾಠ ಮುಗಿಸು, ಆಮೇಲೆ "ಪಾಸಿಂಗ್ ಪ್ಯಾಕೇಜ್". ಕೊನೇ ಬೆಂಚಿನವನಿಗೆ ಯಾವ ನಕ್ಷೆ, ಯಾವ ಪದ್ಯ ಬಾಯಿಪಾಠ ಮಾಡಿಸಿದರೆ 35 ಆಗುತ್ತೆ ಅನ್ನೋದೇ ಪಾಠ.

ಆಮೇಲೆ 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕ ಹೆಚ್ಚಿಸಿ, ಅದಕ್ಕೆ ಬೇಕಾದ ಅರ್ಹತಾ ಅಂಕವನ್ನು ಶೇ 35ರಿಂದ 25ಕ್ಕೆ ಇಳಿಸಿದ ಮೇಲೆ ಬಂದ ಅಂಕಿ. ಒಂದೇ ವರ್ಷದಲ್ಲಿ ರಾಜ್ಯದ ಮಕ್ಕಳೆಲ್ಲ ದಡ್ಡರಾದರಾ? ಹಾಗಾದರೆ ಹಿಂದಿನ ವರ್ಷಗಳಲ್ಲಿ ಅಳೆದದ್ದು ಏನನ್ನ? ನಿಮ್ಮ ಟೆಸ್ಟಿನ ಅಂಕಿಯ ಮೇಲೆ ಯಾರಾದರೂ ಹಾರ ಹಾಕೋಕೆ ಶುರು ಮಾಡಿದರೋ, ಮುಗೀತು.

ಎಕ್ಸೆಲ್ ಸಂನ್ಯಾಸಿ

ಮೇಷ್ಟ್ರೇ ಒಪ್ಪಿದೆ. ಆದ್ರೆ ಇದು ಟೆಸ್ಟಿನ ತಪ್ಪಾ, ಹಾರದ ತಪ್ಪಾ?

ಹೈಸ್ಕೂಲ್ ಮೇಷ್ಟ್ರು, ಅರಕಲಗೂಡು

ಹಾರ ಇಲ್ಲದ ಟೆಸ್ಟ್ ನಮ್ಮಲ್ಲಿ ಎಲ್ಲಿದೆ ಸ್ವಾಮಿ?

ಅತಿಥಿ

ಹಾರದ ಇನ್ನೊಂದು ಮುಖ ನಾನು ಹೇಳ್ತೀನಿ. ನಾನು ಅತಿಥಿ ಉಪನ್ಯಾಸಕ. ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಪರ್ಮನೆಂಟ್ ಒಬ್ಬರು, ಉಳಿದವರು ನಾವೇ. ವರ್ಷವರ್ಷ ಕೌನ್ಸೆಲಿಂಗು, ವರ್ಷವರ್ಷ ಆರ್ಡರು. ಈ ಟೆಸ್ಟಿನ ಫಲಿತಾಂಶ ಪ್ರಿನ್ಸಿಪಾಲರ ಟೇಬಲ್ಲಿಗೆ ಬಂದ ದಿನ "ಇವರ ಪೇಪರಿನಲ್ಲಿ ಗೇನ್ ಕಮ್ಮಿ" ಅಂತ ಒಂದು ಸಾಲು ಬರುತ್ತೆ. ಬೇಲೂರಿನ ಸರ್ ಹೇಳಿದ ಸ್ಟ್ಯಾಂಡರ್ಡ್ ಎರರ್ ಆ ಟೇಬಲ್ಲಿನ ಮೇಲೆ ಯಾರಿಗೂ ಕಾಣಲ್ಲ. ಅರ್ಧ ಸೆಮಿಸ್ಟರ್ ಮುಗಿದ ಮೇಲೆ ಕೆಲಸಕ್ಕೆ ಸೇರಿರ್ತೀವಿ, ಅದಕ್ಕೆ ಮುಂಚೆ ಆ ಕ್ಲಾಸಿಗೆ ಮೇಷ್ಟ್ರೇ ಇರಲ್ಲ. ಅದು ಯಾವ ಟೆಸ್ಟಿನಲ್ಲಿ ಅಳತೆ ಆಗುತ್ತೆ? ನೀವು ಏನು ಬೇಕಾದರೂ ಅಳೀರಿ, ಆದರೆ ಈ ಅಂಕಿಯನ್ನು ನೇಮಕಾತಿಗೆ, ವರ್ಗಾವಣೆಗೆ, ನವೀಕರಣಕ್ಕೆ ಬಳಸುವುದಿಲ್ಲ ಅಂತ ಕೌನ್ಸಿಲ್ ಠರಾವಿನಲ್ಲಿ ಬರೆಸಿಕೊಳ್ಳಿ ಮೊದಲು. ಬಾಯಿಮಾತಿಗೆ ಬೆಲೆ ಇಲ್ಲ.

ಫಿಸಿಕ್ಸ್ ಮೇಡಂ, ಹಾಸನ

ಅತಿಥಿ ಸರ್, ಈ ಮಾತು ನನ್ನ ಬರಹದ ಮೊದಲ ಸಾಲು ಆಗುತ್ತೆ.

ಈಗ ಇನ್ನೊಂದು ಬಗೆಯ ಟೆಸ್ಟಿನ ಬಗ್ಗೆ ಹೇಳ್ತೀನಿ, ಯಾಕಂದರೆ ಚರ್ಚೆ ಪೂರ್ತಿ ಕಂಪನಿ ಪ್ಯಾಕೇಜಿನ ಸುತ್ತಲೇ ತಿರುಗ್ತಿದೆ. ಫಿಸಿಕ್ಸ್‌ನಲ್ಲಿ ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ ಅಂತ ಒಂದಿದೆ. 1992ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಹೆಸ್ಟೆನೆಸ್ ಮತ್ತು ಸಂಗಡಿಗರು ಮಾಡಿದ್ದು. ಈಗ ಬಳಕೆಯಲ್ಲಿರೋದು 30 ಪ್ರಶ್ನೆ, ಒಂದೊಂದಕ್ಕೆ ಐದು ಉತ್ತರ. ಲೆಕ್ಕವೇ ಇಲ್ಲ, ಸೂತ್ರ ಬೇಡ. ಉದಾಹರಣೆಗೆ, ಭಾರದ ಲಾರಿ ಮತ್ತು ಸಣ್ಣ ಕಾರು ಎದುರುಬದುರು ಡಿಕ್ಕಿ ಹೊಡೆದರೆ ಯಾವುದು ಯಾವುದರ ಮೇಲೆ ಹೆಚ್ಚು ಬಲ ಹಾಕುತ್ತೆ? ಶಿರಾಡಿ ಘಾಟಿಯಲ್ಲಿ ನಜ್ಜುಗುಜ್ಜಾದ ಕಾರು ನೋಡಿರುವ ನಮ್ಮ ಮಕ್ಕಳು ಕಣ್ಣು ಮುಚ್ಚಿ "ಲಾರಿ" ಅಂತಾರೆ. ನ್ಯೂಟನ್ನನ ಮೂರನೇ ನಿಯಮವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ತಪ್ಪಿಲ್ಲದೆ ಬರೆದು ಐದು ಮಾರ್ಕ್ಸ್ ತಗೊಂಡ ಹುಡುಗನೂ "ಲಾರಿ" ಅಂತಾನೆ. ಬಲ ಎರಡರ ಮೇಲೂ ಸಮ. ಕಾರಿನ ದ್ರವ್ಯರಾಶಿ ಕಮ್ಮಿ, ಹಾಗಾಗಿ ಅದರ ವೇಗ ಥಟ್ಟನೆ ಬದಲಾಗುತ್ತೆ, ಒಳಗಿದ್ದವರಿಗೆ ಪೆಟ್ಟು ಜಾಸ್ತಿ.

ಈ ಟೆಸ್ಟಿನ ಜಾಣತನ ಇರೋದು ತಪ್ಪು ಉತ್ತರಗಳಲ್ಲಿ. ಮಕ್ಕಳು ನಿಜವಾಗಿ ನಂಬಿರುವ ತಪ್ಪುಗಳನ್ನೇ ಹೆಕ್ಕಿ ಆಪ್ಷನ್ ಮಾಡಿದ್ದಾರೆ. ಹಾಗಾಗಿ ತಪ್ಪು ಬರೆದರೂ ತಲೆಯಲ್ಲಿ ಏನು ಕೂತಿದೆ ಅಂತ ಮೇಷ್ಟ್ರಿಗೆ ತಿಳಿಯುತ್ತೆ. ಪಾಠಕ್ಕೆ ಮುಂಚೆ ಒಮ್ಮೆ, ಪಾಠ ಆದಮೇಲೆ ಒಮ್ಮೆ ಕೊಡಬೇಕು. 1998ರಲ್ಲಿ ಹೇಕ್ ಅನ್ನುವವರು ಪ್ರೌಢಶಾಲೆಯಿಂದ ವಿಶ್ವವಿದ್ಯಾಲಯದವರೆಗಿನ 62 ಕೋರ್ಸುಗಳ 6,542 ವಿದ್ಯಾರ್ಥಿಗಳ ಇಂಥ ಅಂಕಗಳನ್ನು ಕೂಡಿಸಿ ನೋಡಿದರು. ಅವರ ಲೆಕ್ಕ ಸುಲಭ: ಗಳಿಸಿದ್ದನ್ನು, ಗಳಿಸಲು ಸಾಧ್ಯವಿದ್ದದ್ದರಿಂದ ಭಾಗಿಸಿ. ತರಗತಿ ಮೊದಲು ಶೇ 30, ಆಮೇಲೆ ಶೇ 46 ಇದ್ದರೆ 16 ಭಾಗಿಸು 70, ಅಂದರೆ 0.23. ಬೋರ್ಡ್ ಮೇಲೆ ಬರೆದು ಭಾಷಣ ಮಾಡುವ ಕೋರ್ಸುಗಳ ಸರಾಸರಿ ಸುಮಾರು ಅಷ್ಟೇ ಬಂದದ್ದು. ಮಕ್ಕಳನ್ನು ಪರಸ್ಪರ ವಾದ ಮಾಡಿಸುವ, ಮೊದಲೇ ಊಹಿಸಿ ಆಮೇಲೆ ಪ್ರಯೋಗ ಮಾಡಿಸುವ ಕೋರ್ಸುಗಳಲ್ಲಿ 0.48. ದೊಡ್ಡ ಹೆಸರಿನ ವಿಶ್ವವಿದ್ಯಾಲಯಗಳ ಮೇಷ್ಟ್ರುಗಳೂ ಇದನ್ನು ನೋಡಿ ಪಾಠ ಮಾಡುವ ರೀತಿ ಬದಲಿಸಿದರು.

ಇಲ್ಲಿ ಯಾರೂ ಕಾಲೇಜಿಗೆ ರ‍್ಯಾಂಕ್ ಕೊಡಲಿಲ್ಲ. ಮೇಷ್ಟ್ರು ತಮ್ಮ ಪಾಠವನ್ನು ತಾವೇ ನೋಡಿಕೊಂಡರು. ನನಗೆ ಬೇಕಿರೋದು ಇದು.

ಫೈನಲ್ ಇಯರ್ ಬಿಎಸ್ಸಿ

ಮೇಡಂ ಆ ಪೇಪರ್ ಎಲ್ಲಿ ಸಿಗುತ್ತೆ? (ಸುಮ್ನೆ ಕೇಳಿದ್ದು)

ಫಿಸಿಕ್ಸ್ ಮೇಡಂ, ಹಾಸನ

ಸಿಗಲ್ಲ ಪುಟ್ಟ. ಮೇಷ್ಟ್ರು ಅಂತ ಖಾತ್ರಿ ಮಾಡಿಕೊಂಡೇ ಕೊಡ್ತಾರೆ, ಬರೆದಾದಮೇಲೆ ಪ್ರಶ್ನೆಪತ್ರಿಕೆ ಎಣಿಸಿ ವಾಪಸ್ ತಗೋಬೇಕು. ಒಂದು ಸಲ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿ ಸೇರಿದರೆ ಆ ಟೆಸ್ಟ್ ಸತ್ತಹಾಗೆ.

ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಚಿಕ್ಕಮಗಳೂರು

ಭೌತಶಾಸ್ತ್ರಕ್ಕೆ ಸರಿ ತಾಯಿ. ಲಾರಿಗೂ ಕಾರಿಗೂ ಬಲ ಸಮ, ವಾದಕ್ಕೆ ಎಡೆಯಿಲ್ಲ. ಇತಿಹಾಸಕ್ಕೆ, ಸಾಹಿತ್ಯಕ್ಕೆ, ಸಮಾಜಶಾಸ್ತ್ರಕ್ಕೆ ಅಂಥದ್ದೊಂದು ಸರಿ ಉತ್ತರ ಎಲ್ಲಿಂದ ತರುತ್ತೀರಿ?

ನನ್ನ ವಿರೋಧ ಹಾಗೇ ಇರಲಿ. ಆದರೆ ಅಳೆಯಲೇಬೇಕು ಎಂದು ಹಟ ಹಿಡಿದರೆ ಬರೆಸಿ. ಅಮೆರಿಕದಲ್ಲಿ ಸಿಎಲ್‌ಎ ಎನ್ನುವ ಪರೀಕ್ಷೆಯೊಂದಿದೆ, ಈ ಶತಮಾನದ ಆರಂಭದಲ್ಲಿ ಹುಟ್ಟಿದ್ದು. ಅದರ ಒಂದು ಮಾದರಿ ಪ್ರಶ್ನೆ ನನಗೆ ಹಿಡಿಸಿತು. ಒಂದು ಕಂಪನಿ ಸಣ್ಣ ವಿಮಾನವೊಂದನ್ನು ಕೊಳ್ಳಬೇಕೆಂದಿದೆ. ಅಷ್ಟರಲ್ಲಿ ಅದೇ ಮಾದರಿಯ ವಿಮಾನ ಅಪಘಾತಕ್ಕೀಡಾಗುತ್ತದೆ. ವಿದ್ಯಾರ್ಥಿಯ ಮುಂದೆ ಪತ್ರಿಕಾ ವರದಿ, ಅಪಘಾತ ತನಿಖೆಯ ಕಾಗದ, ಒಳಗಿನ ಇಮೇಲುಗಳು, ಒಂದೆರಡು ನಕ್ಷೆಗಳನ್ನು ಇಡುತ್ತಾರೆ. ಕೊಳ್ಳಬೇಕೋ ಬೇಡವೋ, ಕಾರಣ ಕೊಟ್ಟು ಟಿಪ್ಪಣಿ ಬರೆ ಎನ್ನುತ್ತಾರೆ. ಯಾವ ಕಾಗದವನ್ನು ನಂಬಬಹುದು, ಯಾವುದು ಮಾರಾಟಗಾರನ ಮಾತು, ಎರಡು ಕಾಗದಗಳು ಎಲ್ಲಿ ಹೊಂದುವುದಿಲ್ಲ ಎಂಬುದನ್ನು ಹುಡುಗ ಹೆಕ್ಕಬೇಕು.

ವಿಮಾನ ನಮ್ಮವರಿಗೆ ಬೇಡ. ಆಲೂರು, ಸಕಲೇಶಪುರ, ಮೂಡಿಗೆರೆಯ ಆನೆಗಳನ್ನು ತೆಗೆದುಕೊಳ್ಳಿ. ಐದು ಕಾಗದ ಇಡಿ: ಅರಣ್ಯ ಇಲಾಖೆಯ ಟಿಪ್ಪಣಿ, ಬೆಳೆಗಾರರ ಮನವಿ, ರೈಲು ಕಂಬಿಯ ತಡೆಬೇಲಿಗೂ ಸೋಲಾರ್ ಬೇಲಿಗೂ ತಗಲುವ ವೆಚ್ಚದ ಕೋಷ್ಟಕ, ಆನೆ ಓಡಾಟದ ನಕ್ಷೆ, ಮತ್ತೊಂದು ವಾಟ್ಸಾಪಿನಲ್ಲಿ ಬಂದ ಫಾರ್ವರ್ಡ್. "ನಿಮ್ಮ ಗ್ರಾಮ ಪಂಚಾಯಿತಿಗೆ ಒಂದು ಪುಟದ ಸಲಹೆ ಬರೆಯಿರಿ." ಬಿಎ ಹುಡುಗ ಬರೆಯಬಹುದು, ಬಿಎಸ್ಸಿ ಹುಡುಗಿ ಬರೆಯಬಹುದು, ಬಿಕಾಂನವರು ವೆಚ್ಚದ ಕೋಷ್ಟಕ ಹಿಡಿದು ಜಗಳವಾಡಬಹುದು. ಫಾರ್ವರ್ಡನ್ನೇ ಆಧಾರ ಮಾಡಿಕೊಂಡವನಿಗೆ ಎಷ್ಟು ಕೊಡಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಎಸ್ಟೇಟ್ ಅಪ್ಪ, ಮೂಡಿಗೆರೆ

ಮೇಷ್ಟ್ರೇ ಇದು ಚೆನ್ನಾಗಿದೆ. ಬರೆದಿದ್ದನ್ನ ಪಂಚಾಯಿತಿಗೂ ಒಂದು ಕಾಪಿ ಕಳಿಸಿ.

ಎಕ್ಸೆಲ್ ಸಂನ್ಯಾಸಿ

ಕನಸು ಚೆನ್ನಾಗಿದೆ ಗುರುಗಳೇ, ತಿದ್ದೋರು ಯಾರು? ಒಂದು ಉತ್ತರಕ್ಕೆ ಹತ್ತು ನಿಮಿಷ, 300 ಮಕ್ಕಳು, 50 ಗಂಟೆ. ಇಬ್ಬರು ಬೇರೆಬೇರೆ ತಿದ್ದಬೇಕು ಅಂದ್ರೆ 100 ಗಂಟೆ. ಸೆಮಿಸ್ಟರ್ ವ್ಯಾಲ್ಯುಯೇಷನ್ನಿಗೇ ಜನ ಸಿಗಲ್ಲ.

ಸಂಖ್ಯಾಶಾಸ್ತ್ರ, ಬೇಲೂರು

300 ಮಕ್ಕಳು ಯಾಕೆ ಬೇಕು? ನೀವು ಅಳೆಯುತ್ತಿರುವುದು ಕಾಲೇಜನ್ನು, ರೋಲ್ ನಂಬರ್ 47ನ್ನಲ್ಲ. ಸಿಎಲ್‌ಎ ಶುರುವಿನಲ್ಲಿ ಮಾಡಿದ್ದೂ ಇದನ್ನೇ, ಪ್ರತಿ ಕಾಲೇಜಿನಿಂದ ಒಂದು ಸ್ಯಾಂಪಲ್. ಚೀಟಿ ಎತ್ತಿ 50 ಮಕ್ಕಳನ್ನು ಆರಿಸಿ, ಸ್ವಯಂಪ್ರೇರಿತರನ್ನು ಕರೆಯಬೇಡಿ, ಯಾಕೆಂದರೆ ಆಗ ಬರುವವರು ಮುಂದಿನ ಬೆಂಚಿನವರೇ. ಮೊದಲ ಹತ್ತು ಉತ್ತರಗಳನ್ನು ಇಬ್ಬರು ಮೇಷ್ಟ್ರು ಪ್ರತ್ಯೇಕವಾಗಿ ತಿದ್ದಿ ಅಂಕ ಹೋಲಿಸಿಕೊಳ್ಳಲಿ. ಒಬ್ಬರು 3, ಇನ್ನೊಬ್ಬರು 6 ಕೊಟ್ಟಿದ್ದರೆ ಅಲ್ಲೇ ನಿಲ್ಲಿಸಿ, ಕೂತು ಮಾತಾಡಿ, ಆಮೇಲೆ ಮುಂದುವರಿಯಿರಿ.

ಸಿಎಲ್‌ಎ ಹೆಸರು ಬಂತೆಂದು ಒಂದು ಎಚ್ಚರಿಕೆ. 2011ರಲ್ಲಿ ಅಮೆರಿಕದ 24 ಕಾಲೇಜುಗಳ 2,300ಕ್ಕೂ ಹೆಚ್ಚು ಮಕ್ಕಳ ಸಿಎಲ್‌ಎ ಅಂಕ ನೋಡಿ, ಮೊದಲೆರಡು ವರ್ಷದಲ್ಲಿ ಶೇ 45 ಮಂದಿಯಲ್ಲಿ ಗಣನೀಯ ಸುಧಾರಣೆ ಇಲ್ಲ ಎಂದು ಪ್ರಕಟವಾಯಿತು. ಪತ್ರಿಕೆಗಳು "ಅರ್ಧದಷ್ಟು ಮಕ್ಕಳು ಏನೂ ಕಲಿಯುತ್ತಿಲ್ಲ" ಎಂದು ಬರೆದವು. ಒಬ್ಬನ ಒಂದು ಉತ್ತರದಲ್ಲಿ ಎಷ್ಟೊಂದು ಏರಿಳಿತ ಇರುತ್ತೆ ಎಂದರೆ, ಅವನು ಸ್ವಲ್ಪ ಮುಂದೆ ಹೋಗಿದ್ದರೂ ಲೆಕ್ಕ ಅದನ್ನು "ಗಣನೀಯ" ಎಂದು ಹಿಡಿಯಲಾರದು. ಹಿಡಿಯಲಾಗಲಿಲ್ಲ ಎನ್ನುವುದು ಬೇರೆ, ಕಲಿಯಲಿಲ್ಲ ಎನ್ನುವುದು ಬೇರೆ. ಸಂನ್ಯಾಸಿಗಳು ಹೇಳಿದ 2021ರ ಅಧ್ಯಯನ ಗುಂಪುಗಳ ಸರಾಸರಿ ನೋಡಿದ್ದು, ಅದು ಇದಕ್ಕಿಂತ ಗಟ್ಟಿ.

ಅರಸೀಕೆರೆಯವ, ಈಗ ಬೆಂಗಳೂರು

ನಮ್ಮ ಕಂಪನಿಯಲ್ಲಿ ಯಾವ ಮಾರ್ಕ್ಸ್ ಕಾರ್ಡನ್ನೂ ಶೇ 60ರ ಕಟಾಫ್ ಬಿಟ್ಟು ಬೇರೆ ಯಾತಕ್ಕೂ ನೋಡಲ್ಲ, ನಮ್ಮದೇ ಟೆಸ್ಟ್ ಇದೆ. ಹಾಗಾಗಿ ಈ ಚರ್ಚೆ ನನಗೆ ಸ್ವಲ್ಪ ತಡವಾಯ್ತು ಅನ್ಸುತ್ತೆ.

ಬೇರೆ ದೇಶದ ಮಾತು ಬಂತು ಅಂತ ಹೇಳ್ತೀನಿ. ಬ್ರೆಜಿಲ್‌ನಲ್ಲಿ 2004ರಿಂದ ಎನಾಡಿ ಅಂತ ರಾಷ್ಟ್ರಮಟ್ಟದ ಪರೀಕ್ಷೆ ಇದೆ. ಆಯ್ಕೆಯಾದ ವಿದ್ಯಾರ್ಥಿ ಹಾಜರಾಗದಿದ್ರೆ ಪದವಿ ಪತ್ರ ತಡೆಹಿಡೀತಾರೆ, ಆದ್ರೆ ಅಂಕ ಎಷ್ಟೇ ಬಂದ್ರೂ ಅವನ ಪದವಿಗೆ ಬಾಧಕ ಇಲ್ಲ, ಕೋರ್ಸಿಗೆ 1ರಿಂದ 5ರ ತನಕ ಗ್ರೇಡ್. ಫೈನಲ್ ಇಯರ್ ತಮ್ಮ ಹೇಳಿದ "ಸಿ ಒತ್ತಿ ಬಸ್ ಹಿಡಿಯೋ" ಕಾಯಿಲೆ ಅಲ್ಲೂ ಇರಲೇಬೇಕಲ್ವಾ? ಒಇಸಿಡಿ ಅನ್ನೋ ಮುಂದುವರಿದ ದೇಶಗಳ ಆರ್ಥಿಕ ಒಕ್ಕೂಟದವರು 17 ದೇಶ ಸೇರಿಸಿ ಎಕನಾಮಿಕ್ಸ್, ಸಿವಿಲ್ ಎಂಜಿನಿಯರಿಂಗ್, ಸಾಮಾನ್ಯ ಕೌಶಲ ಮೂರಕ್ಕೂ ಒಂದೇ ಅಳತೆ ಮಾಡೋಕೆ ಹೊರಟಿದ್ರು. ಪ್ರಾಯೋಗಿಕ ಹಂತ ಮುಗಿಸಿ 2013ರ ಹೊತ್ತಿಗೆ ವರದಿ ಕೊಟ್ರು, ಮುಂದಿನ ಹಂತಕ್ಕೆ ಸಾಕಷ್ಟು ದೇಶಗಳು ಒಪ್ಪದೆ ಅಲ್ಲಿಗೇ ನಿಂತಿತು.

ಅತಿಥಿ

ಭಾಷೆ ಬಗ್ಗೆ ಯಾರೂ ಮಾತಾಡ್ತಿಲ್ಲ. ಕಂಪನಿ ಪೇಪರ್ ಪೂರ್ತಿ ಇಂಗ್ಲಿಷ್ ಅಂದ್ರಿ. ನಮ್ಮಲ್ಲಿ ಬಿಎ ಪೂರ್ತಿ ಕನ್ನಡ ಮಾಧ್ಯಮ. ಸರಿ, ಅನುವಾದ ಮಾಡಿಸೋಣ ಅಂತೀರಿ. ಕೆಪಿಎಸ್‌ಸಿ ಕಥೆ ನೆನಪಿಸಿಕೊಳ್ಳಿ: 2024ರ ಆಗಸ್ಟಿನ ಕೆಎಎಸ್ ಪ್ರಿಲಿಮ್ಸ್‌ನಲ್ಲಿ ಕನ್ನಡ ಅನುವಾದ ಎಷ್ಟು ಕೆಟ್ಟಿತ್ತು ಅಂದ್ರೆ ಮರುಪರೀಕ್ಷೆ ಮಾಡಬೇಕಾಯ್ತು. ಡಿಸೆಂಬರ್ 29ರ ಮರುಪರೀಕ್ಷೆಯಲ್ಲೂ ಮತ್ತೆ ಅನುವಾದದ ತಪ್ಪು, ಮತ್ತೆ ಪ್ರತಿಭಟನೆ. ರಾಜ್ಯದ ದೊಡ್ಡ ಪರೀಕ್ಷೆಗೇ ಹಾಗಾದರೆ ಒಂದು ಕಂಪನಿ ಮೊಬೈಲ್ ಆ್ಯಪಿನಲ್ಲಿ ಹಾಕೋ ಕನ್ನಡ ಹೇಗಿರುತ್ತೆ ಊಹಿಸಿ. ಅದನ್ನ ಓದಿ ತಪ್ಪು ಉತ್ತರ ಒತ್ತಿದ ಹುಡುಗಿಗೆ ಯೋಚನಾಶಕ್ತಿ ಇಲ್ಲ ಅಂತ ಗ್ರಾಫ್ ಹೇಳುತ್ತೆ.

ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಚಿಕ್ಕಮಗಳೂರು

ಇದಕ್ಕೆ ನಾನು ಇಂಗ್ಲಿಷ್ ಮೇಷ್ಟ್ರಾಗಿ ರುಜು ಹಾಕುತ್ತೇನೆ. ಆನೆಯ ಕಾಗದಗಳನ್ನು ಮೊದಲು ಕನ್ನಡದಲ್ಲೇ ಬರೆಯಿರಿ. ಇಂಗ್ಲಿಷ್ ಬೇಕಾದವರಿಗೆ ನಾನು ಅನುವಾದ ಮಾಡಿಕೊಡುತ್ತೇನೆ, ಕಾಸು ಕೇಳುವುದಿಲ್ಲ.

ಫಿಸಿಕ್ಸ್ ಮೇಡಂ, ಹಾಸನ

ಎಲ್ಲರಿಗೂ ಕೃತಜ್ಞತೆ. ಬರೆದು ಕೊಡುವುದು ಹೀಗೆ ಅಂದುಕೊಂಡಿದ್ದೇನೆ. ಕಂಪನಿ ಪ್ಯಾಕೇಜ್ ಬೇಡ. ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಮೆಕ್ಯಾನಿಕ್ಸ್ ಪಾಠಕ್ಕೆ ಮುಂಚೆ ಮತ್ತು ಆದಮೇಲೆ ಕಾನ್ಸೆಪ್ಟ್ ಟೆಸ್ಟ್ ಮಾಡ್ತೀವಿ, ಫಲಿತಾಂಶ ಡಿಪಾರ್ಟ್‌ಮೆಂಟ್ ಬಿಟ್ಟು ಹೊರಗೆ ಹೋಗಲ್ಲ. ಇಡೀ ಕಾಲೇಜಿಗೆ ಮೇಷ್ಟ್ರ ಆನೆ ಪ್ರಶ್ನೆ, ಮೊದಲ ಮತ್ತು ಐದನೇ ಸೆಮಿಸ್ಟರಿನಲ್ಲಿ, ಚೀಟಿ ಎತ್ತಿ ಆರಿಸಿದ ಮಕ್ಕಳಿಗೆ, ಕನ್ನಡ ಅಥವಾ ಇಂಗ್ಲಿಷ್ ಅವರಿಷ್ಟ. ಆರನೇ ಸೆಮಿಸ್ಟರ್ ಬಿಟ್ಟು ಐದಕ್ಕೆ ತಂದದ್ದು ಫೈನಲ್ ಇಯರ್‌ನವರ ದೂರಿನ ಮೇಲೆ. ನೇಮಕಾತಿಗೆ, ನವೀಕರಣಕ್ಕೆ ಬಳಸಬಾರದು ಅನ್ನುವ ಠರಾವು ಮೊದಲು, ಟೆಸ್ಟ್ ಆಮೇಲೆ. ಠರಾವು ಆಗದಿದ್ದರೆ ನಾನು ನನ್ನ ಕ್ಲಾಸಿನಲ್ಲಿ ಮಾತ್ರ ಮಾಡಿಕೊಳ್ತೀನಿ.

ಎಸ್ಟೇಟ್ ಅಪ್ಪನವರ ಬೇಡಿಕೆಗೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಫಲಿತಾಂಶ ಮುಚ್ಚಿಟ್ಟರೆ ಪೋಷಕರಿಗೆ ಅನ್ಯಾಯ, ಬಿಚ್ಚಿಟ್ಟರೆ ಅರಕಲಗೂಡಿನ ಮೇಷ್ಟ್ರು ಹೇಳಿದ ಹಾರ. ಪೋಷಕರ ಸಭೆಯಲ್ಲಿ ಪ್ರಶ್ನೆಯನ್ನೂ ಹೆಸರಿಲ್ಲದ ನಾಲ್ಕೈದು ಉತ್ತರಗಳನ್ನೂ ಓದಿ ತೋರಿಸೋಣ ಅಂತ ಇದ್ದೇನೆ, ಸರಾಸರಿ ಬೇಡ.

ಎಸ್ಟೇಟ್ ಅಪ್ಪ, ಮೂಡಿಗೆರೆ

ನಮ್ಮ ಹುಡುಗನ ಕಾಲೇಜಲ್ಲೂ ಮಾಡ್ಲಿ, ನಾನು ಬರ್ತೀನಿ. ಆದ್ರೂ ಎರಡು ಅಂಕ ಹಾಕೋಕೆ ಏನು ಕಷ್ಟ ಅನ್ನೋದು ನನಗೆ ಇನ್ನೂ ಅರ್ಥ ಆಗಿಲ್ಲ.

ಎಕ್ಸೆಲ್ ಸಂನ್ಯಾಸಿ

ನ್ಯಾಕ್ ಪೀರ್ ಟೀಮ್ (ತಪಾಸಣೆ ತಂಡ) ಬಂದು "ಗ್ರಾಫ್ ಎಲ್ಲಿ" ಅಂದ್ರೆ?

ಫಿಸಿಕ್ಸ್ ಮೇಡಂ, ಹಾಸನ

ಉತ್ತರಪತ್ರಿಕೆಗಳ ಕಟ್ಟು ಮುಂದಿಡ್ತೀನಿ, ಓದಲಿ.

ಸಂಖ್ಯಾಶಾಸ್ತ್ರ, ಬೇಲೂರು

ಶುರು ಮಾಡುವ ಮುಂಚೆ ಒಂದು ಕೆಲಸ. ಉತ್ತರಪತ್ರಿಕೆಯ ಮೇಲೆ ಹೆಸರಾಗಲಿ ಸೆಮಿಸ್ಟರ್ ಆಗಲಿ ಇರಬಾರದು, ಕೋಡ್ ಮಾತ್ರ. ಕೋಡಿಗೂ ರಿಜಿಸ್ಟರ್ ನಂಬರಿಗೂ ಹೊಂದಿಸುವ ಪಟ್ಟಿ ತಿದ್ದದೇ ಇರುವ ಒಬ್ಬರ ಹತ್ತಿರ ಇರಲಿ. ಮೊದಲ ಸೆಮ್‌ನ ಉತ್ತರಗಳನ್ನು ಈಗಲೇ ತಿದ್ದಬೇಡಿ, ಅದೇ ಮಕ್ಕಳು ಐದನೇ ಸೆಮ್‌ನಲ್ಲಿ ಬರೆಯುವವರೆಗೆ ಬೀರುವಿನಲ್ಲಿ ಬೀಗ ಹಾಕಿ ಇಡಿ. ಆಮೇಲೆ ಎರಡನ್ನೂ ಕಲೆಸಿ ಒಟ್ಟಿಗೆ ತಿದ್ದಿ. ಇಲ್ಲದಿದ್ದರೆ ಐದನೇ ಸೆಮ್ ಎಂದು ಗೊತ್ತಿದ್ದೇ ಕೈ ತಾನಾಗಿ ಅರ್ಧ ಅಂಕ ಜಾಸ್ತಿ ಹಾಕುತ್ತೆ. ಎರಡು ಸಲಕ್ಕೂ ಆನೆಯನ್ನೇ ಕೊಟ್ಟರೆ ಮಕ್ಕಳಿಗೆ ನೆನಪಿರುತ್ತೆ, ಅಷ್ಟೇ ತೂಕದ ಇನ್ನೊಂದು ವಿಷಯ ಬೇಕು. ಅರ್ಧ ಮಕ್ಕಳಿಗೆ ಮೊದಲು ಆನೆ, ಉಳಿದರ್ಧಕ್ಕೆ ಮೊದಲು ಅದು, ಐದನೇ ಸೆಮ್‌ನಲ್ಲಿ ಅದಲುಬದಲು. ಯಗಚಿ ನದಿ ನೀರಿನ ಹಂಚಿಕೆ ಬಗ್ಗೆ ನಾನು ಒಂದು ಕರಡು ಮಾಡಿ ಕಳಿಸ್ತೀನಿ.